ಆದರೆಯ ದಾರ

ನಾನು ಕೆಮ್ಮಿದರೆ ನಮ್ಮೂರಿನ ಅರ್ಧ ಜನಕ್ಕೆ ಖುಷಿಯಾಗುತ್ತದೆ. ಸುಳ್ಳಲ್ಲ. ಬೆಳಿಗ್ಗೆ ನನ್ನ ಹಿತ್ತಲ ಗೋಡೆಯಾಚೆ ನೀರಿಗೆ ಹೋಗುವ ಹೆಂಗಸರು ಕೆಮ್ಮು ಕೇಳಿದ ಕೂಡಲೇ ಕೊಡ ಇಳಿಸಿ ನಿಲ್ಲುತ್ತಾರೆ. "ಹೆಂಗದೀಬೇ ಫಕೀರವ್ವಾ?" ಎನ್ನುತ್ತಾರೆ. "ಗಟ್ಟಿ ಅದೀನಿ, ಕಲ್ಲ ತಿಂದ್ರೂ ಕರಗತೈತಿ" ಎಂದರೆ ಮುಖ ಸಣ್ಣದು ಮಾಡಿಕೊಂಡು ಕೊಡ ಎತ್ತುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಸತ್ತರೆ ಊರಿಗೆ ಒಂದು ಮಾತು ವಾಪಸು ಸಿಗುತ್ತದೆ. ಯಾರದೋ ಗಂಡನೋ ಮಗಳೋ ಚಾವಡಿಯಲ್ಲಿ ನಿಂತು ನ್ಯಾಯ ಕೇಳಬೇಕಾದಾಗ ಆ ಮಾತು ಬೇಕೇ ಬೇಕು. ನಾನು ಉಸಿರಾಡುತ್ತಿರುವ ತನಕ ಅದು ಯಾರಿಗೂ ಇಲ್ಲ.

ನಮ್ಮದು ಸುಣ್ಣದ ಊರು. ಗುಡ್ಡ ಒಡೆದು ಕಲ್ಲು ತರುತ್ತಾರೆ, ಗೂಡಿನಲ್ಲಿ ಸುಡುತ್ತಾರೆ, ಸುಣ್ಣ ತುಂಬಿ ಕಳಿಸುತ್ತಾರೆ. ಎಲ್ಲಿಗೆ ಹೋಗುತ್ತದೆಂದು ಕೇಳಿದವರಿಲ್ಲ. ಮನೆ, ಮರ, ಎಮ್ಮೆ ಎಲ್ಲದರ ಮೇಲೂ ಬಿಳಿ ಪುಡಿ. ಇಲ್ಲಿ ಕೂಸು ಹುಟ್ಟುವಾಗಲೇ ಹುಬ್ಬು ಬೆಳ್ಳಗಿರುತ್ತದೆ ಎಂದು ನಮ್ಮನ್ನು ನಾವೇ ಆಡಿಕೊಳ್ಳುತ್ತೇವೆ. ಮೊದಲಲ್ಲಿ ನಾಲ್ಕು ದಿಕ್ಕಿನಿಂದ ಜನ ಬಂದು ಸೇರಿದರಂತೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಹಾರೆ ಗುದ್ದಲಿ ಹಿಡಿದು ಹೊಡೆದಾಡಿ ಸಾಯುತ್ತಿದ್ದಾಗ ಹಿರಿಯರು ಕೂತು ಹೊಸದೇ ಒಂದು ಮಾತನ್ನು ಕಟ್ಟಿದರು. ಕಟ್ಟುಮಾತು ಎಂದೇ ಅದರ ಹೆಸರು. ಮನೆಯಲ್ಲಿ ಯಾವ ಮಾತು ಬೇಕಾದರೂ ಆಡಿಕೊಳ್ಳಿ, ಚಾವಡಿಯಲ್ಲಿ ನ್ಯಾಯಕ್ಕೆ ನಿಂತರೆ ಕಟ್ಟುಮಾತೇ ಆಗಬೇಕು.

ಕಟ್ಟುಮಾತಿನಲ್ಲಿ ಬಹಳಷ್ಟು ಮಾತುಗಳು ಬಾಗುತ್ತವೆ. ಮಾಡಿದ್ದು ಗಂಡಸೋ ಹೆಂಗಸೋ, ಒಬ್ಬರೋ ಹಲವರೋ, ನಿನ್ನೆಯೋ ನಾಳೆಯೋ ಎಂಬುದೆಲ್ಲ ಮಾತಿನ ಬಾಲದಲ್ಲೇ ತಿಳಿಯುತ್ತದೆ. ಆಡಿದವನ ಗುರುತು ಆಡಿದ ಮಾತಿನ ಮೇಲೆ ಉಳಿಯುತ್ತದೆ. ಕೆಲವು ಚಿಕ್ಕ ಮಾತುಗಳಿಗೆ ಮಾತ್ರ ಬಾಲವಿಲ್ಲ. 'ಮತ್ತು' ಎನ್ನಲು ನುಕ, 'ಆದರೆ' ಎನ್ನಲು ತೆಮ. ಸಾಹುಕಾರ ಆಡಿದರೂ ಸುಣ್ಣ ಹೊರುವವಳು ಆಡಿದರೂ ತೆಮ ತೆಮವೇ. ಗುರುತಿಲ್ಲದ ಮಾತನ್ನು ಸಿಕ್ಕ ಸಿಕ್ಕ ಬಾಯಿಗೆ ಬಿಡಬಾರದೆಂದು ಹಿರಿಯರು ಒಂದೊಂದಕ್ಕೂ ಒಂದೊಂದು ಬಾಯಿ ಗೊತ್ತುಮಾಡಿದರು. ತೆಮಕ್ಕೆ ನನ್ನ ಬಾಯಿ.

ನಮ್ಮನ್ನು 'ಬಾಗದವರು' ಎನ್ನುತ್ತಾರೆ. ಕೇಳಲು ಗತ್ತಾಗಿದೆ, ಬಾಳಲು ಬಂದು ನೋಡಿ. ವರ್ಷವಿಡೀ ಒಂದೇ ಬಗೆಯ ಬಿಳಿ ಸೀರೆ, ಒಂದೇ ಬಗೆಯ ಊಟ. ಮದುವೆ ಇಲ್ಲ, ಹಬ್ಬ ಇಲ್ಲ, ಮನೆಯಲ್ಲಿ ಹೆಣ ಇದ್ದರೂ ಹೊತ್ತಿಗೆ ಸರಿಯಾಗಿ ಬಂದು ಕೂರಬೇಕು. ಚಾವಡಿಯೊಳಗೆ ನಮ್ಮನ್ನು ಯಾರೂ ಅಕ್ಕ, ಅವ್ವ, ಕಾಕಾ ಎಂದು ಕರೆಯುವಂತಿಲ್ಲ. ಅಲ್ಲಿ ನಾವು ಯಾರಿಗೂ ಏನೂ ಅಲ್ಲ. ನಮ್ಮ ಪಾಲಿನ ಆ ಒಂದು ಮಾತು ಬಿಟ್ಟರೆ ಬೇರೆ ಸೊಲ್ಲು ಅಲ್ಲಿ ನಮ್ಮ ಬಾಯಿಂದ ಬೀಳಬಾರದು. ಬೆನ್ನ ಮೇಲೆ ಇರುವೆ ಹರಿದಾಡಿದರೂ ಕಲ್ಲಿನ ಹಾಗೆ ಕೂತಿರಬೇಕು.

ಚಾವಡಿಯ ನಡುವೆ ಒಂದು ಹಾಸುಗಲ್ಲಿದೆ. ಮಾತಾಡುವವರು ಅದರ ಮೇಲೆ ನಿಲ್ಲುತ್ತಾರೆ. ಅವರ ತಲೆಯ ಮೇಲಿನ ತೊಲೆಯಿಂದ ದಾರಗಳು ಇಳಿಬಿದ್ದಿರುತ್ತವೆ, ಆ ದಾರಗಳ ಇನ್ನೊಂದು ತುದಿ ಗೋಡೆಗುಂಟ ಕೂತ ನಮ್ಮ ಮಣಿಕಟ್ಟಿಗೆ ಕಟ್ಟಿರುತ್ತದೆ. ಯಾವುದು ಯಾರದೆಂದು ತಿಳಿಯಲು ನುಕದ ದಾರದ ತುದಿಗೆ ಖರ್ಜೂರದ ಬೀಜ, ತೆಮದ ದಾರದ ತುದಿಗೆ ಕವಡೆ. ಮಾತಾಡುವವರು ತಮ್ಮ ಕೈಯಿಂದ ಬೇಕಾದ ದಾರ ಎಳೆಯಬೇಕು, ಆಗ ನಾವು ಹೇಳಬೇಕು. ಕೇಳಿದ್ದಕ್ಕೆ ಉತ್ತರ ಕೊಟ್ಟ ಮೇಲೆ ದಾರ ಎಳೆಯದೆ ಇನ್ನೊಂದು ಮಾತು ಸೇರಿಸುವಂತಿಲ್ಲ. ಎಳೆಯದೆ ಹೇಳಿದರೆ ಮಾತು ಒಡೆಯಿತೆಂದು ಅರ್ಥ. ಒಡೆದ ಮಾತನ್ನು, ಒಡೆದ ಬಾಯಿ ಮಣ್ಣಿಗೆ ಹೋಗುವ ತನಕ ಚಾವಡಿಯಲ್ಲಿ ಯಾರೂ ಆಡುವಂತಿಲ್ಲ. ಹಾಗೆಂದು ನಮ್ಮ ಅಜ್ಜಿಯ ಕಾಲದಿಂದಲೂ ಹೇಳುತ್ತಿದ್ದರೇ ಹೊರತು ಒಡೆದದ್ದನ್ನು ಕಂಡವರಿರಲಿಲ್ಲ.

ನನ್ನ ಎಡಕ್ಕೆ ನುಕದ ಮೌಲಾಸಾಬ ಕೂರುತ್ತಿದ್ದ. ನನಗಿಂತ ಹಿರಿಯ, ಕಾಕಾ ಎನ್ನುತ್ತಿದ್ದೆ. ಜನರಿಗೆ ಬೇರೆ ಏನಿಲ್ಲದಿದ್ದರೂ 'ಮತ್ತು' ಇಲ್ಲದೆ ಆಗುವುದಿಲ್ಲ, ಹಾಗಾಗಿ ಅವನಿಗೆ ಪುರುಸೊತ್ತೇ ಇರಲಿಲ್ಲ. ಚಾವಡಿಯಿಂದ ಹೊರಗೆ ಬಿದ್ದ ಮೇಲೆ ಮಣಿಕಟ್ಟು ತಿಕ್ಕಿಕೊಳ್ಳುತ್ತ, "ನಿಂದ ಛಲೋ ಐತಿ ನೋಡಬೇ. ಯಾವಾಗರೆ ಒಮ್ಮೆ ಜಗ್ಗತಾರ. ನನ್ನ ಕೈ ಜಗ್ಗಿಸಿಕೊಂಡು ಜಗ್ಗಿಸಿಕೊಂಡು ಮೊಣಕಾಲ ಮುಟ್ಟಾಕ ಬಂದೈತಿ" ಎನ್ನುತ್ತಿದ್ದ.

ನಾನು ಈ ಜಾಗಕ್ಕೆ ಬಂದಾಗ ನನ್ನ ಮೈಮೇಲೆ ಇನ್ನೂ ಸಣ್ಣ ಹುಡುಗಿಯರು ತೊಡುವ ಪರಕಾರ ಇತ್ತು. ನನಗಿಂತ ಮೊದಲು ತೆಮ ನಮ್ಮ ಅಜ್ಜಿಯ ತಂಗಿಯದು. ಅವಳು ತೀರಿಕೊಂಡಾಗ ಮನೆಯಲ್ಲಿದ್ದ ಹೆಣ್ಣು ನಾನೊಬ್ಬಳೇ. ಅವ್ವ ಆಗಲೇ ಹೋಗಿದ್ದಳು. ತಮ್ಮ ಯಮನೂರ ನನ್ನ ಸೊಂಟದ ಮೇಲೆಯೇ ಬೆಳೆಯುತ್ತಿದ್ದ. ಅವನನ್ನು ಇಳಿಸಿ ನನ್ನನ್ನು ಚಾವಡಿಯ ಹಿಂದಿನ ಈ ಮನೆಗೆ ಕರೆತಂದರು. ಅವನು ದಿನಾ ಬಂದು ಹಿತ್ತಲ ಗೋಡೆಯಾಚೆ ನಿಂತು ಅಳುತ್ತಿದ್ದ. ಸ್ವಲ್ಪ ದೊಡ್ಡವನಾದ ಮೇಲೆ ಅಳು ಬಿಟ್ಟು ಒಂದು ಆಟ ಕಂಡುಕೊಂಡ. ಬಸವನಹುಳದ ಚಿಪ್ಪು ಕಟ್ಟಿದ ಹಗ್ಗದ ಒಂದು ತುದಿ ಗೋಡೆಯ ಮೇಲಿಂದ ನನ್ನ ಕಡೆ ಎಸೆಯುತ್ತಿದ್ದ. ಆಚೆಯಿಂದ ಗಂಭೀರವಾಗಿ, "ಅಂಬಲಿ ಚೆಲ್ಲಿದಾಂವ ನಾನ ಹೌದು" ಎಂದು ಹಗ್ಗ ಎಳೆಯುತ್ತಿದ್ದ. ನಾನು ಈಚೆಯಿಂದ "ತೆಮ" ಎನ್ನಬೇಕು. "ಬೆಕ್ಕು ಕಾಲಾಗ ಅಡ್ಡ ಬಂತು!" ಎಂದು ಆಚೆ ಬಿದ್ದು ಬಿದ್ದು ನಗುತ್ತಿದ್ದ. ಚಾವಡಿಯ ಹೊರಗೆ ಆಡಿದ ತೆಮಕ್ಕೆ ಬೆಲೆ ಇಲ್ಲ, ಹಾಗಾಗಿ ತಪ್ಪೂ ಇಲ್ಲ. ಇಡೀ ದಿನದಲ್ಲಿ ನಾನು ನಗುತ್ತಿದ್ದದ್ದು ಅದೊಂದು ಹೊತ್ತು.

ಅದೇ ಯಮನೂರ ದೊಡ್ಡವನಾಗಿ ಅಂದಾನೆಪ್ಪನ ಗೂಡಿನಲ್ಲಿ ಬೆಂಕಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಅಂದಾನೆಪ್ಪ ಎಂದರೆ ಊರಿನ ದೊಡ್ಡ ಗೂಡುಗಳೆಲ್ಲ ಅವನವೇ. ಗೂಡು ಸುಟ್ಟ ಮೇಲೆ ತಣಿಯಲು ಬಿಡಬೇಕು, ತಣಿಯದೆ ಬಾಯಿ ತೆಗೆಯಬಾರದು ಎಂಬುದು ನಮ್ಮೂರಲ್ಲಿ ಮೊಲೆ ಬಿಡದ ಕೂಸಿಗೂ ಗೊತ್ತು. ಆ ಸಲ ಸುಣ್ಣಕ್ಕೆ ಅವಸರದ ಬೇಡಿಕೆ ಬಂದಿತ್ತು. ಅಂದಾನೆಪ್ಪ ತಾನೇ ಗೂಡಿನ ಎದುರು ನಿಂತು ಬಾಯಿ ತೆಗೆ ಎಂದ. ಯಮನೂರ ಆಗುವುದಿಲ್ಲ ಎಂದ, ನೀನು ತೆಗೆಯದಿದ್ದರೆ ಇನ್ನೊಬ್ಬ ತೆಗೆಯುತ್ತಾನೆ, ಮನೆಗೆ ಹೋಗು ಎಂದ ಅಂದಾನೆಪ್ಪ. ಯಮನೂರ ತೆಗೆದ. ಸುಣ್ಣ ತೋಡಲು ಒಳಗಿಳಿದ ಇಬ್ಬರ ಕಾಲಡಿ ಅರೆಬೆಂದ ಕಲ್ಲು ಕುಸಿದು ಅವರು ಕೆಂಡದೊಳಗೆ ಹೋದರು. ಯಮನೂರ ಬರಿಗೈ ಹಾಕಿ ಇಬ್ಬರನ್ನೂ ಎಳೆದ. ಅವರು ಉಳಿಯಲಿಲ್ಲ. ಇವನ ಕೈಗಳೂ ಉಳಿಯಲಿಲ್ಲ.

ಹೆಣ ಎತ್ತುವ ಮೊದಲೇ ಅಂದಾನೆಪ್ಪ ಚಾವಡಿಗೆ ಹೋಗಿ, ಗೂಡಿನ ಬಾಯಿ ತೆಗೆದವನು ಯಮನೂರ ಎಂದು ಹೇಳಿಬಂದ. ಅದು ಸುಳ್ಳೂ ಅಲ್ಲವಲ್ಲ. ಜನ ಸತ್ತ ತಪ್ಪಿಗೆ ಗುಡ್ಡದ ತಳದ ಕೆಳಗಣಿಗೆ ಕಲ್ಲು ಒಡೆಯಲು ಕಳಿಸುತ್ತಾರೆ. ಅಲ್ಲಿಗೆ ಹೋದವರ ರುಮಾಲು ವಾಪಸು ಬರುತ್ತದೆ, ಅವರು ಬರುವುದಿಲ್ಲ. ಉಳಿಯಬೇಕಾದರೆ ಯಮನೂರ ಹಾಸುಗಲ್ಲಿನ ಮೇಲೆ ನಿಂತು ಒಂದೇ ಒಂದು ಮಾತು ಪೂರಾ ಮಾಡಬೇಕಿತ್ತು: ತೆಗೆದವನು ನಾನು, ಆದರೆ ತೆಗೆಸಿದವನು ಅಂದಾನೆಪ್ಪ. ಅಷ್ಟು ಹೇಳಿಬಿಟ್ಟರೆ ಸಾಹುಕಾರನೂ ಅದೇ ಕಲ್ಲಿನ ಮೇಲೆ ನಿಂತು ಉತ್ತರ ಕೊಡಬೇಕು. ಅದನ್ನು ಕಣ್ಣಾರೆ ಕಂಡ, ಅಂದಾನೆಪ್ಪನ ಅನ್ನ ತಿನ್ನುವ ಕೆಲಸದವರು ತಾವಾಗಿ ಬಾಯಿ ಬಿಡದಿದ್ದರೂ ಹೆಸರು ಹಿಡಿದು ಕರೆದರೆ ಕಲ್ಲಿನ ಮೇಲೆ ಸುಳ್ಳು ಹೇಳಲು ಹೆದರುತ್ತಿದ್ದರು. ಎಲ್ಲವೂ ಒಂದು ದಾರ ಎಳೆಯುವುದರ ಮೇಲೆ ನಿಂತಿತ್ತು. ಎಳೆಯಬೇಕಾದ ಕೈಗಳು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಯಲ್ಲಿ ಮಲಗಿದ್ದವು.

ಅವನ ಹೆಂಡತಿ ಹುಲಿಗೆವ್ವ ಹಿತ್ತಲ ಗೋಡೆಯ ಹತ್ತಿರ ಬಂದಳು. ನ್ಯಾಯ ಮುಗಿಯುವ ತನಕ ಅವರ ಮನೆಗೆ ನಾನು ಹೋಗುವಂತಿರಲಿಲ್ಲ, ಗೋಡೆಯಾಚೆ ನಿಂತು ಮಾತಾಡಿದರೆ ಯಾರೂ ತಡೆಯುತ್ತಿರಲಿಲ್ಲ. ಚಾವಡಿಯ ಗೌಡ ವಿರುಪನಗೌಡನ ಕಾಲು ಹಿಡಿದು ಬಂದಿದ್ದಳು.

"ಅವನ ಬದಲಿ ನಾ ಜಗ್ಗತೀನ್ರೀ ಅಂದೆ. ಒಲ್ಲೆ ಅಂದ. ಅವನ ಮಾತಿಗೆ ಅವನ ಕೈನ ಆಗಬೇಕಂತ."

"ಬಾಯಿಂದ ಕಚ್ಚಿ ಎಳದರ?"

"ಅದನೂ ಕೇಳಿದೆ ಯಕ್ಕಾ. ಬಾಯಿ ಮಾತಾಡಾಕ, ಕೈ ದಾರಕ್ಕ ಅಂದ. ದಾರ ಮೊದಲ ಅವನ ಕೈಗೆ ಕಟ್ಟಿಬಿಡ್ರಿ ಅಂದೆ. ಕಟ್ಟಿದ ದಾರ ಎಳದಂಗ ಅಲ್ಲ, ಸುಮ್ಮನ ಅಲುಗಿದ್ರೂ ಎಳದಂಗ ಆಗತೈತಿ ಅಂದ." ಮತ್ತೆ ಹೇಳಿದಳು, "ಕೆಟ್ಟ ಮಂದಿ ಹಂಗ ಬೈಲಿಲ್ಲ ಯಕ್ಕಾ. ಮಜ್ಜಿಗಿ ಕೊಟ್ಟು ಕಳಿಸ್ಯಾನ."

ವಿರುಪನಗೌಡ ಅಂಥವನೇ. ಮಜ್ಜಿಗೆ ಕೊಡುತ್ತಾನೆ, ಕಟ್ಟಳೆ ಬಿಡುವುದಿಲ್ಲ. ಅವನನ್ನು ಬೈಯಲೂ ಬಾಯಿ ಬರುವುದಿಲ್ಲ, ಅದೇ ನನ್ನ ಹೊಟ್ಟೆಯುರಿ.

ಹುಲಿಗೆವ್ವ ಬಿಡುವ ಹೆಂಗಸಲ್ಲ. ಸುಣ್ಣದ ತಿಳಿನೀರಿಗೆ ಅಗಸೆ ಎಣ್ಣೆ ಕಲಸಿ ಸುಟ್ಟ ಗಾಯಕ್ಕೆ ಹಚ್ಚುವುದು ನಮ್ಮೂರಿನ ಮನೆಮನೆಯ ಮದ್ದು. ಅದನ್ನು ಹಗಲಿಡೀ ಹಚ್ಚುತ್ತ ಕೂತಳು. ಒಣಗಿ ಬಿರುಸಾಗಿದ್ದ ಬೆರಳುಗಳು ಮೆತ್ತಗಾಗತೊಡಗಿದವು. ತನ್ನ ಸೆರಗಿನ ತುದಿಯನ್ನು ಅವನ ಅಂಗೈಗಿಟ್ಟು ಹಿಡಿಯುವುದನ್ನು ಹೊಸದಾಗಿ ಕಲಿಸಿದಳು. ನೋವಿಗೆ ಅವನು ಕೂಗುತ್ತಿದ್ದನಂತೆ, ಕೂಗುತ್ತಲೇ ಹಿಡಿಯುತ್ತಿದ್ದನಂತೆ. ಚಾವಡಿ ಸೇರುವ ಹಿಂದಿನ ಸಂಜೆ ಗೋಡೆಯಾಚೆ ಬಂದವಳ ದನಿಯಲ್ಲಿ ಜೀವ ಇತ್ತು.

"ಇವತ್ತ ಸೆರಗು ಹಿಡದು ನನ್ನ ಮುಂದಕ್ಕ ಜಗ್ಗಿದ ನೋಡ ಯಕ್ಕಾ! ಬೆರಳು ಮಡಚಾಕ ಬರಾಕತ್ತಾವ. ನಾಳೆ ಮುಂಜಾನಿ ಇನ್ನೊಂದೀಟು ಎಣ್ಣಿ ಹೆಚ್ಚಿಗಿ ಹಚ್ಚೇ ಕಳಸ್ತೀನಿ."

"ಹಚ್ಚವ್ವಾ, ಕೈ ಬಿಗೀ ಮಾಡಬ್ಯಾಡ, ಹಚ್ಚು" ಎಂದೆ ನಾನೂ. ನಾವಿಬ್ಬರೂ ಬೆರಳು ಬಾಗುವುದರ ಬಗ್ಗೆಯೇ ಯೋಚಿಸುತ್ತಿದ್ದೆವು. ಊರಿನವರೆಲ್ಲ ಹುಟ್ಟಿದಾಗಿನಿಂದ ಸುಣ್ಣದ ಪುಡಿ ಮೆತ್ತಿದ ಕೈಯವರು. ಒಣ ಕೈ, ಒರಟು ಕೈ. ನಮ್ಮಲ್ಲಿ ಯಾರ ಕೈಯಿಂದಲೂ ಏನೂ ಜಾರಿದ್ದಿಲ್ಲ.

ಮರುದಿನ ಚಾವಡಿ ತುಂಬಿತ್ತು. ಸತ್ತ ಇಬ್ಬರ ಮನೆಯವರು ಒಂದು ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಅಂದಾನೆಪ್ಪ ಕಂಬಕ್ಕೊರಗಿ ಕಡ್ಡಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ಹುಲಿಗೆವ್ವ ಬಾಗಿಲ ಹತ್ತಿರ ನಿಂತಿದ್ದಳು. ಯಮನೂರ ಬಂದು ಹಾಸುಗಲ್ಲಿನ ಮೇಲೆ ನಿಂತ. ಕೈಗಳ ಬಟ್ಟೆ ಬಿಚ್ಚಿದ್ದರು. ಮೊಣಕೈಯಿಂದ ಕೆಳಗೆ ಅವು ನನ್ನ ತಮ್ಮನ ಕೈಗಳ ಹಾಗೆ ಇರಲಿಲ್ಲ. ಎಣ್ಣೆಯಿಂದ ಮಿರಮಿರ ಮಿಂಚುತ್ತಿದ್ದವು. ನಾನು ಎಂದಿನಂತೆ ಎದುರಿನ ಗೋಡೆ ನೋಡುತ್ತ ಕೂತೆ. ಕತ್ತು ತಿರುಗಿಸುವಂತಿರಲಿಲ್ಲ, ಕಣ್ಣ ತುದಿಯಲ್ಲಿ ಮಾತ್ರ ಅವನು ಕಾಣುತ್ತಿದ್ದ.

ವಿರುಪನಗೌಡ ಕಟ್ಟುಮಾತಿನಲ್ಲಿ ಕೇಳಿದ, "ಗೂಡಿನ ಬಾಯಿ ತೆಗೆದವರು ಯಾರು?"

"ತೆಗೆದವನು ನಾನು" ಎಂದ ಯಮನೂರ. ಎಂದು, ಬಲಗೈ ಎತ್ತಿದ.

ನನ್ನ ಜೀವವೆಲ್ಲ ಮಣಿಕಟ್ಟಿಗೆ ಬಂದು ಕೂತಿತು. ಅವನ ಬೆರಳುಗಳು ಕವಡೆಯ ಸುತ್ತ ಒಂದೊಂದಾಗಿ ಮಡಚಿಕೊಂಡವು. ಹುಲಿಗೆವ್ವ ಹೇಳಿದ್ದು ನಿಜವಾಗಿತ್ತು, ಬೆರಳು ಮಡಚಲು ಬರುತ್ತಿತ್ತು. ಅವನು ಎಳೆದ. ಕವಡೆ ಅವನ ಅಂಗೈಯಿಂದ ಸರಕ್ಕನೆ ಜಾರಿ ತಾನಿದ್ದಲ್ಲೇ ತೂಗಾಡಿತು. ನನ್ನ ಕೈಗೆ ಏನೂ ತಿಳಿಯಲಿಲ್ಲ. ಮತ್ತೆ ಹಿಡಿದ, ಮತ್ತೆ ಜಾರಿತು. ದಾರವನ್ನೇ ಹಿಡಿಯಲು ನೋಡಿದ, ದಾರಕ್ಕೂ ಎಣ್ಣೆ ಮೆತ್ತಿತು. ಎರಡೂ ಅಂಗೈಗಳ ನಡುವೆ ಒತ್ತಿ ಎಳೆಯಲು ಹೋಗಿ ನೋವಿಗೆ ಬಾಯಿ ತೆರೆದು, ದನಿ ಹೊರಡಿಸದೆ ಮುಚ್ಚಿಕೊಂಡ. ಚರ್ಮ ಸುಲಿದು ಎಣ್ಣೆಯ ಜೊತೆ ರಕ್ತವೂ ಬರುತ್ತಿತ್ತು. ರಕ್ತವೂ ಜಾರುವ ವಸ್ತುವೇ. ಬಾಗಿಲಲ್ಲಿ ಹುಲಿಗೆವ್ವ ತನ್ನ ಎರಡೂ ಅಂಗೈಗಳನ್ನು ಮುಖದ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದಳು. ಅವಳಿಗೆ ಆಗ ತಿಳಿದಿತ್ತು.

"ಹೇಳುವುದು ಮುಗಿಯಿತೇ?" ಎಂದ ವಿರುಪನಗೌಡ. ಒರಟಾಗಿ ಕೇಳಲಿಲ್ಲ, ಕಾದು ಕಾದು ಕೇಳಿದ.

ಯಮನೂರ ನನ್ನ ಕಡೆ ತಿರುಗಿದ. ಕಟ್ಟುಮಾತಿನಲ್ಲಲ್ಲ, ಮನೆಯ ಮಾತಿನಲ್ಲಿ, ಸಣ್ಣ ದನಿಯಲ್ಲಿ, "ಅಕ್ಕಾ" ಎಂದ.

ಆ ಚಾವಡಿಯಲ್ಲಿ ಕೂತು ನನ್ನ ತಲೆ ಹಣ್ಣಾಗಿತ್ತು. ಅಲ್ಲಿ ನನ್ನನ್ನು ಯಾರೂ ಏನೂ ಎಂದು ಕರೆದಿರಲಿಲ್ಲ. ನಾನು ಕತ್ತು ತಿರುಗಿಸಿ ಅವನನ್ನು ನೋಡಿದೆ. ನೋಡಿ, "ತೆಮ" ಎಂದೆ.

ಯಮನೂರನ ಮುಖ ಅರಳಿತು, "ತೆಗೆಸಿದವನು ಅಂದಾನೆಪ್ಪ, ಎದುರು ನಿಂತು ತೆಗೆಸಿದ" ಎಂದು ಗಟ್ಟಿಯಾಗಿ ಹೇಳಿದ. ಎಲ್ಲರಿಗೂ ಕೇಳಿಸಿತು. ಅಂದಾನೆಪ್ಪನ ಕಿವಿಯಲ್ಲಿದ್ದ ಕಡ್ಡಿ ಅಲ್ಲೇ ನಿಂತಿತು. ವಿರುಪನಗೌಡ ಕೈ ಎತ್ತಿ ನಿಲ್ಲಿಸಿದ.

"ದಾರ ಕೆಳಕ್ಕೆ ಬಂದದ್ದನ್ನು ಕಂಡವರು ಯಾರಾದರೂ ಇದ್ದಾರೆಯೇ?"

ನನ್ನನ್ನು ಕೇಳುವಂತಿರಲಿಲ್ಲ, ಕೇಳಿದರೂ ತೆಮ ಬಿಟ್ಟು ಬೇರೆ ಹೇಳುವಂತಿರಲಿಲ್ಲ. ಯಾರಾದರೂ ಒಬ್ಬರು 'ಕಂಡೆ' ಎಂದಿದ್ದರೆ ಸಾಕಿತ್ತು. ದಾರ ಕೂದಲೆಳೆಯಷ್ಟು ಕೆಳಕ್ಕೆ ಬಂತೋ ಇಲ್ಲವೋ ಎಂದು ಅಳೆಯಲು ಬರುತ್ತದೆಯೇ? ಊರಿಗೆ ಊರೇ ನೆಲ ನೋಡಿತು. ನೆಲದಲ್ಲಿ ಏನಿತ್ತು, ಸುಣ್ಣದ ಪುಡಿ. ಸತ್ತವರ ಮನೆಯ ಒಬ್ಬ ಮುದುಕಿ ಮಾತ್ರ ಮುಸುಕು ಸರಿಸಿ ಅಂದಾನೆಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವಳೂ ಮುಸುಕು ಎಳೆದುಕೊಂಡಳು.

"ತೆಮ ಒಡೆದಿದೆ" ಎಂದ ವಿರುಪನಗೌಡ. "ಅದಕ್ಕಿಂತ ಹಿಂದಿನ ಮಾತು ನಿಲ್ಲುತ್ತದೆ. ಮುಂದಿನದು ಬಿದ್ದುಹೋಯಿತು." ತೆಗೆದವನು ನಾನು ಎಂಬುದು ನಿಂತಿತು. ತೆಗೆಸಿದವನ ಹೆಸರನ್ನು ಅಷ್ಟು ಜನ ಕಿವಿಯಾರೆ ಕೇಳಿ, ಕೇಳಲಿಲ್ಲ ಎಂದುಕೊಂಡು ಮನೆಗೆ ಹೋದರು.

ಯಮನೂರನನ್ನು ಇಳಿಸಿಕೊಂಡು ಹೋಗುವಾಗ ನನ್ನ ಪಕ್ಕದಲ್ಲೇ ಹಾದರು. ಅವನು ನಡಿಗೆ ಒಂದಿಷ್ಟು ತಡೆದು, "ಹೇಳಿದಿ ಅಲ್ಲಬೇ ಅಕ್ಕಾ, ಸಾಕು ಬಿಡು" ಎಂದ. ಅಂಬಲಿ ಚೆಲ್ಲಿದ ದಿನಗಳ ಅದೇ ಮುಖ. ನನಗೆ ಅಲ್ಲೇ ಎದೆ ಒಡೆದು ಸಾಯಬೇಕೆನಿಸಿತು. ಸಾಯಲಿಲ್ಲ, ಅದಕ್ಕಾಗಿ ಊರು ಈಗಲೂ ಒಳಗೊಳಗೇ ಬೈಯುತ್ತಿದೆ.

ನನ್ನ ಮಣಿಕಟ್ಟಿನ ದಾರ ಕತ್ತರಿಸಿದರು. ಕವಡೆಯನ್ನು ಸುಣ್ಣದ ಗುಂಡಿಗೆ ಎಸೆದರು. ಈ ಮನೆಯಲ್ಲಿ ಇರಲು ಬಿಟ್ಟರು, ನಾನು ಬೇರೆಲ್ಲಿಗಾದರೂ ಹೋದರೆ ಸತ್ತ ಸುದ್ದಿ ಅವರಿಗೆ ತಿಳಿಯುವುದು ಹೇಗೆ? ಆ ದಿನ ಮೌಲಾಸಾಬ ನನ್ನ ಜೊತೆ ಮನೆಯ ತನಕ ನಡೆದ. ದಾರಿಯಲ್ಲಿ ಅವನಿಗೆ ತಮಾಷೆಯ ಒಂದು ಮಾತೂ ಸಿಗಲಿಲ್ಲ. ಬಾಗಿಲ ಹತ್ತಿರ ನಿಂತು, "ನನ್ನ ಬಾಯಾಗೂ ಬಂದಿತ್ತಬೇ ಫಕೀರಿ. ನೀ ಹೇಳಿದ ಕೂಡಲೇ ನಾನೂ ನುಕ ಅಂದಿದ್ದರ ಎರಡೂ ಒಡೀತಿದ್ದವು. ಎರಡೂ ಇಲ್ಲದ ಚಾವಡಿ ನಡಸಾಕ ಆಗತಿತ್ತೇನು ಅವರಿಗೆ? ಬಾಗಲಾ ಹಾಕಬೇಕಾಗತಿತ್ತು. ಬಾಯಿ ತುದೀತನಕ ಬಂತು. ನುಂಗಿದೆ" ಎಂದ. ಬಿಳಿ ಗಡ್ಡದ ಮೇಲೆ ಕಣ್ಣೀರು ಇಳಿದು ಸುಣ್ಣದ ಪುಡಿ ಮುದ್ದೆಯಾಗಿತ್ತು. ನಾನು ಅವನನ್ನು ಸಮಾಧಾನ ಮಾಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಊರು ಹೊಂದಿಕೊಂಡಿತು. ಯಾವುದಕ್ಕೆ ಹೊಂದಿಕೊಂಡಿಲ್ಲ ಅದು? ಮೊದಮೊದಲು ಜನ ಹಾಸುಗಲ್ಲಿನ ಮೇಲೆ ನಿಂತು ಕವಡೆ ಇದ್ದ ಜಾಗದಲ್ಲಿ ಗಾಳಿಯನ್ನು ಎಳೆಯುತ್ತಿದ್ದರಂತೆ. ಆಮೇಲೆ ತೆಮದ ಜಾಗದಲ್ಲಿ ನುಕದ ದಾರ ಎಳೆಯತೊಡಗಿದರು. ಒಬ್ಬ ಬಾಣಂತಿ, ಜೋಳ ಕದ್ದೆ ಮತ್ತು ಮಗು ಹಸಿದಿತ್ತು ಎಂದಳು. ಜೋಳ ಕದ್ದದ್ದಕ್ಕೂ ಶಿಕ್ಷೆಯಾಯಿತು, ಮಗುವನ್ನು ಹಸಿವಿನಲ್ಲಿ ಇಟ್ಟದ್ದಕ್ಕೂ ಶಿಕ್ಷೆಯಾಯಿತು. ನುಕ ಹೇಳಿ ಬಂದ ಮೌಲಾಸಾಬ ಆ ದಿನ ಊಟ ಮುಟ್ಟಲಿಲ್ಲ. ಜಾಣರು ಒಂದು ದಾರಿ ಕಂಡುಕೊಂಡರು, ಕೇಳಿದ್ದಕ್ಕೆ ಉತ್ತರವನ್ನೇ ಕೊಡದೆ ಸುಮ್ಮನೆ ನಿಲ್ಲುವುದು. ಅವರಿಗೆ ಸುಮ್ಮನೆ ನಿಂತದ್ದಕ್ಕೆ ಶಿಕ್ಷೆಯಾಯಿತು. ಅಂದಾನೆಪ್ಪನಂಥವರಿಗೆ ಯಾವ ತೊಂದರೆಯೂ ಆಗಲಿಲ್ಲ. ಅವರ ಮಾತಿಗೆ ಎಂದೂ ಆದರೆ ಬೇಕಾಗಿರಲಿಲ್ಲ. ಚಾವಡಿ ಬೇಗ ಬೇಗ ಮುಗಿಯತೊಡಗಿತು, ಮಧ್ಯಾಹ್ನದ ಊಟಕ್ಕೆ ವಿರುಪನಗೌಡ ಮನೆಯಲ್ಲಿರುತ್ತಾನೆ. ಈಚೀಚೆಗೆ ಮನೆಯ ಮಾತಿನಲ್ಲೂ ಜನ ಆದರೆ ಎನ್ನುವುದನ್ನು ಬಿಡುತ್ತಿದ್ದಾರೆ. ಗೋಡೆಯಾಚೆ ತಾಯಂದಿರು ಮಕ್ಕಳನ್ನು ಬೈಯುವುದು ಕೇಳುತ್ತದೆ. "ಬಿದ್ದಿಯೋ ಇಲ್ಲೋ, ಅಷ್ಟ ಹೇಳು" ಎನ್ನುತ್ತಾರೆ. ಮಗು ಅಷ್ಟನ್ನೇ ಹೇಳಿ ಪೆಟ್ಟು ತಿನ್ನುತ್ತದೆ.

ಹೀಗಾಗಿ ನಾನು ಸಾಯುವುದು ಎಲ್ಲರಿಗೂ ಬೇಕು. ಬಾಯಿಬಿಟ್ಟು ಹೇಳುವಷ್ಟು ಕೆಟ್ಟವರಲ್ಲ. ಆ ಬಾಣಂತಿಯ ತಾಯಿ ಒಮ್ಮೆ ನನ್ನ ಅಂಗಳದಲ್ಲಿ ಬಂದು ಕೂತು, ನನ್ನನ್ನೇ ನೋಡುತ್ತ, "ನಿನಗ ಬ್ಯಾಸರಾ ಆಗೂದಿಲ್ಲೇನಬೇ?" ಎಂದು ಕೇಳಿದಳು. ಮೆತ್ತಗೆ ಕೇಳಿದಳು. ತಮ್ಮನಿಗಾಗಿ ತೆಮ ಒಡೆದೆ, ಅವನೂ ಉಳಿಯಲಿಲ್ಲ, ಊರಿಗೂ ಉಳಿಯಲಿಲ್ಲ. ಅಕ್ಕಾ ಎಂದು ಇನ್ನೊಮ್ಮೆ ಕರೆದರೆ ಇನ್ನೊಮ್ಮೆ ಒಡೆಯುತ್ತೇನೆ ಎಂದು ಅವಳ ಎದುರು ಹೇಳಲು ಮನಸ್ಸಾಗಲಿಲ್ಲ. ನನಗೆ ಸಾಯುವ ಭಯವಿಲ್ಲ. ಕೆಳಗಣಿಯಿಂದ ಯಮನೂರನ ರುಮಾಲು ಇನ್ನೂ ಬಂದಿರಲಿಲ್ಲ. ಅದು ಬರುವ ತನಕ ಸಾಯುವುದಿಲ್ಲ ಎಂದು ಹಟ ಹಿಡಿದಿದ್ದೆ.

ಹುಲಿಗೆವ್ವ ಮಾತ್ರ ಗೋಡೆಯ ಕಡೆ ಬರುವುದನ್ನೇ ಬಿಟ್ಟಿದ್ದಳು. ನೀರಿಗೂ ಬೇರೆ ದಾರಿಯಲ್ಲಿ ಹೋಗುತ್ತಿದ್ದಳು. ಅವಳಿಗೆ ನನ್ನ ಮೇಲೆ ಸಿಟ್ಟೋ ತನ್ನ ಮೇಲೆ ಸಿಟ್ಟೋ ನನಗೆ ತಿಳಿಯಲಿಲ್ಲ. ಊರಿನವರ ಹಾಗೆ ಅವಳೂ ನನ್ನ ಕೆಮ್ಮಿಗೆ ಕಿವಿಗೊಡುತ್ತಿದ್ದಾಳೋ ಏನೋ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು.

ಮೊನ್ನೆ ಬಂದಳು. ಹೊತ್ತು ಏರಿತ್ತು, ನಾನು ಹಿತ್ತಲಲ್ಲಿ ಸೀರೆ ಒಣಹಾಕುತ್ತಿದ್ದೆ. ಗೋಡೆಯಾಚೆ ಯಾರೋ ನಿಂತ ಹಾಗಾಯಿತು. ಎಂದಿನಂತೆ, "ಗಟ್ಟಿ ಅದೀನಿ, ಹೋಗ್ರಿ" ಎಂದೆ.

"ನಾನ ಯಕ್ಕಾ" ಎಂದಳು. "ರುಮಾಲು ಬಂತು."

ಗೋಡೆ ಹಿಡಿದುಕೊಂಡು ನಿಂತೆ. ಅವಳು ಅಳುತ್ತಿರಲಿಲ್ಲ. ಅತ್ತು ಮುಗಿಸಿಯೇ ಬಂದಿದ್ದಳು. ನಾನು ಕೇಳಬೇಕಾದ್ದನ್ನು ಏನೂ ಕೇಳಲಿಲ್ಲ, ಯಾವಾಗ ಹೋದ, ಹೇಗೆ ಹೋದ, ಕೈ ವಾಸಿಯಾಗಿತ್ತೇ, ಏನೂ. ರುಮಾಲು ತಂದವರು ಅದನ್ನೆಲ್ಲ ಹೇಳುವುದಿಲ್ಲ.

"ಯಕ್ಕಾ, ಒಂದ ಸಲ ಪೂರಾ ಹೇಳಬೇಕಾಗೇತಿ. ಅಂವ ನಿಂತು ಹೇಳಿದ್ದನ್ನ. ಇಲ್ಲಿ ಹೇಳಿದ್ರ ಲೆಕ್ಕಕ್ಕಿಲ್ಲ ಅಂತ ನನಗ ಗೊತ್ತೈತಿ."

ಗೋಡೆಯ ಮೇಲಿಂದ ರುಮಾಲಿನ ಒಂದು ತುದಿ ಈಚೆ ಇಳಿಯಿತು. ಸುಣ್ಣ ಕುಡಿದು ಬಿರುಸಾಗಿತ್ತು. ಅವನ ಬೆವರಿನ ವಾಸನೆ ಇದೆಯೇ ಎಂದು ಮೂಗಿಗೆ ಹಿಡಿದೆ, ಸುಣ್ಣದ ವಾಸನೆ ಬಿಟ್ಟು ಬೇರೆ ಇರಲಿಲ್ಲ. ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿದೆ. ಹಳೆಯ ದಾರದ ಗುರುತು ಇನ್ನೂ ಅಲ್ಲಿ ಇತ್ತು.

"ಕಟ್ಟಿದಿ?"

"ಕಟ್ಟೀನವ್ವಾ."

ಆಮೇಲೆ ಹೇಳಿದಳು, "ಕೈಗೆ ಬೂದಿ ಹಚ್ಚಿ ತಿಕ್ಕಿ ತೊಳಕೊಂಡು ಬಂದೀನಿ ಯಕ್ಕಾ. ಚರ್ಮ ಕೀಳೂಹಂಗ ತಿಕ್ಕೇನಿ. ಒಂದು ಹನಿ ಎಣ್ಣಿ ಉಳಿದಿಲ್ಲ."

ಆ ದಿನದಿಂದ ಅವಳು ತನ್ನ ಮನೆಯಲ್ಲಿ ಒಗ್ಗರಣೆಗೂ ಎಣ್ಣೆ ಹಾಕಿಲ್ಲವೆಂದು ಯಾರೋ ಹೇಳಿದ್ದರು. ಜಿಪುಣಿ ಎಂದು ಆಡಿಕೊಂಡಿದ್ದರು.

"ನಾನೂ ಹಚ್ಚು ಅಂದಿದ್ದೆ ಹುಲಿಗೀ" ಎಂದೆ.

"ಹೂಂ" ಎಂದಳು. "ಹೇಳ್ಲಿ?"

"ಹೇಳು."

ಅವಳು ಗಂಟಲು ಸರಿಮಾಡಿಕೊಂಡು ಕಟ್ಟುಮಾತಿನಲ್ಲಿ ಶುರುಮಾಡಿದಳು. ಹೆಂಗಸಿನ ಬಾಲ ಹಚ್ಚಲಿಲ್ಲ, ಗಂಡಸಿನ ಬಾಲವನ್ನೇ ಹಚ್ಚಿದಳು, ಯಮನೂರ ಹೇಳಿದ ಹಾಗೆಯೇ. "ಗೂಡಿನ ಬಾಯಿ ತೆಗೆದವನು ನಾನು." ಎಂದು ನಿಲ್ಲಿಸಿ ಎಳೆದಳು. ರುಮಾಲು ಬಿಗಿದು ನನ್ನ ಕೈ ಗೋಡೆಯ ತನಕ ಹೋಯಿತು. ಜಾರಲಿಲ್ಲ.

"ತೆಮ" ಎಂದೆ.

"ತೆಗೆಸಿದವನು ಅಂದಾನೆಪ್ಪ, ಎದುರು ನಿಂತು ತೆಗೆಸಿದ" ಎಂದಳು. ಕೊನೆಯ ಮಾತಿಗೆ ದನಿ ಒಡೆಯಿತು. ನೀರಿಗೆ ಹೋಗುತ್ತಿದ್ದ ಹೆಂಗಸರು ಅಲ್ಲೇ ನಿಂತಿದ್ದರೆಂದು ಕಾಣುತ್ತದೆ, ಕೊಡ ನೆಲಕ್ಕಿಟ್ಟ ಸದ್ದು ಕೇಳಿಸಿತು. ಯಾರೂ ಹೋಗಲಿಲ್ಲ.

"ಇನ್ನೊಂದ ಸಲ ಯಕ್ಕಾ" ಎಂದಳು ಹುಲಿಗೆವ್ವ. ಕೆಮ್ಮು ಬಂತು. ತಡೆದುಕೊಂಡು ಕೈ ಚಾಚಿ ನಿಂತೆ. ಅವಳು ಮತ್ತೆ ಮೊದಲಿನಿಂದ ಹೇಳಿ ಎಳೆದಳು, ನಾನು ಹೇಳಿದೆ.